ಕೊಳವೆಯೊಳಗಿನ ಕಾಗದ

ಮೊದಲು ಗುಂಡಿ, ಆಮೇಲೆ ಮಂಡಿ.

ಇಷ್ಟು ಓದಿದರೆ ಸಾಕು. ಮಿಕ್ಕಿದ್ದನ್ನು ಟೀ ಹೊತ್ತಿನಲ್ಲಿ ಓದಿಸಿಕೊಳ್ಳಿ.

ದಾಬಸ್‌ಪೇಟೆ ಹಟ್ಟಿ
ಎರಡು ಸಾವಿರದ ಇನ್ನೂರ ಎಪ್ಪತ್ತೊಂದು, ಫೆಬ್ರವರಿ ಮೂವತ್ತು

ಗಂಗಹನುಮಯ್ಯನವರಿಗೆ ಅಲಗಿನ ಮನೆಯ ಹೊನ್ನೂರಸ್ವಾಮಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಯಾರೋ ಕುಡಿದು ಬರೆದಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಕ್ಕೆ ಹೆಸರಿಲ್ಲ, ಕೆಲಸವೂ ಇಲ್ಲ. ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಸುರುಳಿಗಳ ನಡುವೆ ಇಟ್ಟ ಚೀಟಿಗಳನ್ನು ಓದಿ. ಹಾಗಾಗಿ ತಪ್ಪಿದ್ದರೆ ಅರ್ಧ ಜವಾಬ್ದಾರಿ ತಮ್ಮದೇ.

ನಾವು ಇರುವುದು ನಿಮ್ಮ ಕಾರ್ಖಾನೆಯ ಗೋದಾಮಿನ ಸುತ್ತ. ಒಟ್ಟು ನೂರ ನಲವತ್ತು ಜನ. ಇಲ್ಲಿ ಬೀಳುವ ಬಿಸಿಲಿಗೆ ಸುಣ್ಣಬಿಸಿಲು ಅನ್ನುತ್ತೇವೆ, ಏಕೆಂದರೆ ಅದು ಮೈಮೇಲೆ ಬಿದ್ದರೆ ನೀರು ಬಿಟ್ಟ ಸುಣ್ಣದ ಹಾಗೆ ಸುಡುತ್ತದೆ. ಅದಕ್ಕೆ ಮನೆಗೂ ಬೀದಿಗೂ ಬಾವಿಗೂ ಪೊರೆಸೂರು ಬೇಕು. ಪೊರೆಸೂರು ಅಂದರೆ ನೀವು ಸುತ್ತಿಟ್ಟ ಆ ಮಿರುಗುವ ಪ್ಲಾಸ್ಟಿಕ್ ಫಿಲ್ಮನ್ನು ಪಟ್ಟಿ ಮಾಡಿ ಚಾಪೆಯ ಹಾಗೆ ಹೆಣೆದ ಚಾವಣಿ. ಅಗಲದ ಹಾಳೆಯನ್ನೇ ಹೊದಿಸಿ ನೋಡಿದ್ದರಂತೆ ನಮ್ಮ ಮುತ್ತಜ್ಜಂದಿರು. ಮೊದಲ ಗಾಳಿಗೇ ಉಬ್ಬಿ, ಹರಿದು, ಇಬ್ಬರನ್ನು ಎತ್ತಿಕೊಂಡು ಹೋಯಿತಂತೆ. ನಾಲ್ಕು ಬೆರಳಗಲದ ಪಟ್ಟಿಯಾದರೆ ಗಾಳಿ ಸಂದಿಯಲ್ಲಿ ನುಸುಳಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತದೆ. ದೊಡ್ಡ ಸುರುಳಿಗೆ ತಾಯಿಸುರುಳಿ, ಕೊಯ್ದ ಸಣ್ಣವಕ್ಕೆ ಕೂಸುಸುರುಳಿ ಎಂದು ಹೆಸರು. ಕೊಯ್ಯುವ ಕೆಲಸ ನನ್ನದು.

ನಿಮಗೇ ನಿಮ್ಮ ಕಸುಬು ಹೇಳುವುದು ಅಧಿಕಪ್ರಸಂಗ. ಆದರೂ ನೀವು ಎಲ್ಲೆಲ್ಲೋ ಬರೆದಿಟ್ಟದ್ದನ್ನು ನಾವು ಎಷ್ಟು ಮರ್ಯಾದೆಯಿಂದ ಪಾಲಿಸುತ್ತೇವೆ ಅಂತ ತಿಳಿಸಬೇಕು. ತೆಳು ಫಿಲ್ಮಿಗೆ ಒಂಟಿ ಬ್ಲೇಡು ಸಾಕು, ಅದು ಓಡುವ ಹಾಳೆಯನ್ನು ಕ್ಷೌರದ ಹಾಗೆ ಸೀಳುತ್ತದೆ. ದಪ್ಪನೆಯದಕ್ಕೆ ಮೇಲೊಂದು ಕೆಳಗೊಂದು ದುಂಡು ಅಲಗು ಕೂಡಿಸಿ ಕತ್ತರಿಯ ಹಾಗೆ ಕೊಯ್ಯಬೇಕು. ಅಂಟು ಬಳಿದದ್ದಕ್ಕೆ ಗಟ್ಟಿ ಉರುಳೆಯ ಮೇಲೆ ಅಲಗನ್ನು ಒತ್ತಿ ಹಿಡಿದು ಜಜ್ಜಿ ಬಿಡಿಸಬೇಕು. ಕಲಿಯಲು ಬಂದವರಿಗೆ ನಾನು ಹೀಗೆ ಹೇಳಿಕೊಡುತ್ತೇನೆ:

ತೆಳುವಿಗೆ ಅಲಗು, ದಪ್ಪಕ್ಕೆ ಜೋಡಲಗು,
ಅಂಟಿಗೆ ಒತ್ತಲಗು, ಮಿಕ್ಕದ್ದಕ್ಕೆ ತೊಲಗು.

ಕೊನೆಯ ತುಂಡು ಪ್ರಾಸಕ್ಕಾಗಿ ಬಂದದ್ದು, ಆದರೆ ಬಹಳ ಸಲ ಅದೇ ಉಪಯೋಗಕ್ಕೆ ಬಂದಿದೆ. ನಮ್ಮ ಯಂತ್ರಕ್ಕೆ ಕರೆಂಟಿಲ್ಲ. ನಾಲ್ಕು ಜನ ಪೆಡಲು ತುಳಿಯುತ್ತಾರೆ, ಬೈದರೆ ನಿಲ್ಲಿಸುತ್ತಾರೆ. ನಿಲ್ಲಿಸಲು ಗುಂಡಿ ಒತ್ತಬೇಕಾಗಿದ್ದ ಯಂತ್ರವೊಂದಿತ್ತು ಅನ್ನುವುದನ್ನು ನಿಮ್ಮ ಚೀಟಿಯಲ್ಲೇ ಮೊದಲು ಓದಿದೆ.

ಗೋದಾಮಿನಲ್ಲಿ ನಮಗೆ ಸಿಕ್ಕಿದ್ದು ಹತ್ತೊಂಬತ್ತು ತಾಯಿಸುರುಳಿ. ಎಲ್ಲದರ ಮೇಲೂ ಕೆಂಪು ಬಣ್ಣದಲ್ಲಿ ‘ರಿಜೆಕ್ಟ್’ ಅಂತ ಬರೆದಿತ್ತು. ಒಳ್ಳೆಯವನ್ನೆಲ್ಲ ಮಾರಿಕೊಂಡು, ಬೇಡದ್ದನ್ನು ಮೂಲೆಗೆ ಸೇರಿಸಿದ್ದರಲ್ಲ, ಅದೇ ನಮ್ಮ ಆಸ್ತಿ. ಫಿಲ್ಮಿನಲ್ಲಿ ದೋಷ ಇದ್ದ ಕಡೆಯೆಲ್ಲ ನಿಮ್ಮ ಚೀಟಿ. ‘ಇಲ್ಲಿ ಜೋಡು ಇದೆ, ನಿಧಾನ.’ ‘ಇಲ್ಲಿ ಸುಕ್ಕು. ನನ್ನ ತಪ್ಪಲ್ಲ, ಬಂದದ್ದೇ ಹೀಗೆ.’ ‘ಇಲ್ಲಿ ಸುಕ್ಕು. ಇದು ನನ್ನ ತಪ್ಪು.’ ಕೆಳಗೆ ಗಂ.ಹ., ಎರಡನೇ ಪಾಳಿ. ಒಂದರಲ್ಲಿ ಮಾತ್ರ ಪೂರ್ತಿ ಹೆಸರು. ಹಟ್ಟಿಯವರೆಲ್ಲ ನಿಮ್ಮನ್ನು ಚೀಟಿ ತಾತ ಅನ್ನುತ್ತಾರೆ.

ಈಗ ಹೇಳುವುದನ್ನು ನಂಬುವುದು ಕಷ್ಟ. ಒಂದು ದಿನ ಖಾಲಿಯಾದ ರಟ್ಟಿನ ಕೊಳವೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದಾಗ ನನ್ನ ಹೆಂಡತಿ ಬಸಮಣಿಯ ಹೇರ್‌ಪಿನ್ನು ಜಾರಿ ಅದರೊಳಗೆ ಬಿತ್ತು. ಕೊಳವೆ ಅಲ್ಲಾಡಿಸಿದರೆ ಒಳಗೆ ಏನೂ ಇಲ್ಲ. ಎರಡು ವರ್ಷ ಕಳೆದು, ಯಾರೂ ಮುಟ್ಟಿರದ ಹದಿನೆಂಟನೆಯ ಸುರುಳಿಯನ್ನು ಬಿಚ್ಚಿದಾಗ ಅದೇ ಪಿನ್ನು, ಒಂದು ಚೀಟಿಗೆ ಅಂಟಿಕೊಂಡು, ಫಿಲ್ಮಿನ ನಡುವೆ ಕೂತಿತ್ತು. ನಿಮ್ಮ ಅಕ್ಷರ: ‘ಕೊಳವೆಯಲ್ಲಿ ಸಿಕ್ಕಿತು. ಈ ಪಾಳಿಯಲ್ಲಿ ಹೆಂಗಸರಿಲ್ಲ. ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರೆ ನಾನು ಒಳಗೆ ಹೋಗುವ ಹಾಗಿಲ್ಲ. ಇಲ್ಲೇ ಇರಲಿ.’ ಬಸಮಣಿ ಆ ಪಿನ್ನನ್ನು ಮತ್ತೆ ಮುಡಿಗೆ ಹಾಕಿಕೊಳ್ಳಲಿಲ್ಲ. ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದರೆ ಹೊರಗಿನದು ಒಳಗಾಗುತ್ತದೆ, ಕೊನೆಯದು ಮೊದಲಾಗುತ್ತದೆ. ಹಾಗಾಗುವುದು ಫಿಲ್ಮಿಗೆ ಮಾತ್ರ ಅಂದುಕೊಂಡಿದ್ದೆವು, ಕಾಲಕ್ಕೂ ಅಂತ ಆ ಪಿನ್ನಿನಿಂದ ತಿಳಿಯಿತು.

ಉಳಿದಿದ್ದು ಹತ್ತೊಂಬತ್ತನೆಯದು. ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಪಡುವಣ ಕೇರಿಯ ಸೂರು ಪುಡಿಯಾಗಿ ಉದುರುತ್ತಿದೆ, ಅಲ್ಲಿ ನಲವತ್ತಾರು ಜನ ಇದ್ದಾರೆ, ನನ್ನ ಮನೆಯೂ ಅಲ್ಲೇ. ಮಗಳು ಮುದ್ದುರಂಗಿಗೆ ಆರು ವರ್ಷ, ಭುಜದ ಮೇಲೆ ಈಗಲೇ ಎರಡು ಬೊಬ್ಬೆ. ಆದ್ದರಿಂದ ಹೋದ ವಾರ ಅದನ್ನು ಯಂತ್ರಕ್ಕೆ ಏರಿಸಿದೆ.

ಸುರುಳಿ ಬಿಚ್ಚುವವನು ಎಲ್ಲವನ್ನೂ ಹಿಂದುಮುಂದಾಗಿ ನೋಡುತ್ತಾನೆ. ಮೊದಲು ಬಂದದ್ದು ಬೇರೆ ಯಾರದೋ ಕೈಬರಹದ ಚೀಟಿ: ‘ಯಂತ್ರ ಒಂದೂಮುಕ್ಕಾಲು ಗಂಟೆ ನಿಂತಿತ್ತು. ಗಂ.ಹ. ಇಲ್ಲ.’ ಪಾಳಿಗೆ ಇಲ್ಲ ಅಂದುಕೊಂಡೆ. ಆಮೇಲೆ ಅಂಚಿನಲ್ಲಿ ಕಂದು ಕಲೆ, ಒಂದು ಸುತ್ತಿಗೆ ಒಂದರಂತೆ. ಒಳಗೆ ಹೋದ ಹಾಗೆ ಕಲೆ ದೊಡ್ಡದಾಗುತ್ತಾ ಬಂತು. ಆಮೇಲೆ ಅಂಗಿಯ ಬಲತೋಳಿನ ಒಂದು ತುಂಡು ಬಂತು, ಅದರಲ್ಲಿ ಗುಂಡಿ, ಅದರ ಸುತ್ತ ಹಗ್ಗದ ಹಾಗೆ ಹೊಸೆದುಕೊಂಡ ಅಂಚುಪಟ್ಟಿ. ಕೊಯ್ಯುವಾಗ ಎರಡು ಪಕ್ಕದಲ್ಲೂ ಉಳಿಯುತ್ತದಲ್ಲ, ಆ ಬೇಡದ ದಾರ. ಅಲ್ಲಿಂದ ಒಳಕ್ಕೆ ಫಿಲ್ಮು ಕನ್ನಡಿಯಷ್ಟು ಶುಭ್ರ. ಮತ್ತೆ ನೀವು ಬಂದಿರಿ, ಚೀಟಿಯ ಮೇಲೆ ಚೀಟಿ, ತಮಾಷೆ ಮಾಡಿಕೊಂಡು, ಏನೂ ಆಗದವರ ಹಾಗೆ. ಅವುಗಳಲ್ಲಿ ನಮಗೆ ಮೊದಲು ಸಿಕ್ಕಿದ್ದು, ಅಂದರೆ ನೀವು ಕೊನೆಗೆ ಬರೆದದ್ದು: ‘ಅಂಚುಪಟ್ಟಿ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿದೆ. ಗುಂಡಿ ಒತ್ತಿ ನಿಲ್ಲಿಸಿದರೆ ಸುಕ್ಕು ಬೀಳುತ್ತದೆ, ಬೈಸಿಕೊಳ್ಳಬೇಕು. ಓಡುವಾಗಲೇ ಮಂಡಿಯೂರಿ ಎಳೆದುಬಿಟ್ಟರೆ ಆಯಿತು. ಮೂರು ಸಲ ಆಯಿತು.’

ನಾಲ್ಕನೆಯ ಸಲದ್ದನ್ನು ನಾವು ಮೊದಲೇ ನೋಡಿಬಿಟ್ಟಿದ್ದೆವು.

ಪೆಡಲು ಬಿಟ್ಟು ಎಲ್ಲರೂ ಹೊರಗೆ ಕೂತರು. ನಿಮಗೊಂದು ಕಾಗದ ಬರೆದು ಕೊಳವೆಯಲ್ಲಿ ಕಳಿಸೋಣ ಅಂದೆ. ಕಳಿಸಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಅರ್ಥವಾಗಿತ್ತು. ಈ ಸುರುಳಿ ಮೂಲೆಗೆ ಸೇರಿದ್ದೇ ನೀವು ಅದರಲ್ಲಿ ಸಿಕ್ಕಿಕೊಂಡಿದ್ದಕ್ಕೆ. ನೀವು ಉಳಿದರೆ ಅದು ಒಳ್ಳೆಯ ಮಾಲಾಗಿ ಲಾರಿ ಹತ್ತಿ ಯಾವುದೋ ಬಿಸ್ಕತ್ತಿಗೆ ಹೊದಿಕೆಯಾಗುತ್ತದೆ. ನಮಗೆ ಸೂರಿಲ್ಲ.

ಬಸಮಣಿ ಎಲ್ಲರೆದುರೇ ಕೇಳಿದಳು: “ಸತ್ತೋರಿಗೆ ಕಾಗದ ಬರಿತೀಯಲ್ಲ, ಬದುಕಿರೋ ಮಗಳ ಭುಜಕ್ಕೆ ಏನು ಬರಿತೀಯ? ಪ್ರಾಸ ಹಚ್ತೀಯ?”

ಹಟ್ಟಿಗೆ ಹಿರಿಯಳಾದ ಕೆಂಪಸಿದ್ದಮ್ಮಜ್ಜಿ, “ಗೊತ್ತಿಲ್ದೆ ಕೂತಾಗ ಅದು ನೆಳ್ಳು ಕಣವ್ವ. ಗೊತ್ತಿದ್ದೂ ಕೂತ್ರೆ ಅದಕ್ಕೇನಂತಾರೋ, ನಂಗೆ ಮಾತು ಬರಲ್ಲ,” ಅಂದಳು.

“ನೀನು ಮೂಡಣ ಕೇರೀಲಿದ್ದೀಯ ಅಜ್ಜಿ. ನಿಂಗೆ ಮಾತು ಬರದಿದ್ರೂ ನಡೆಯುತ್ತೆ,” ಅಂದಳು ಬಸಮಣಿ.

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬರೆಯುವುದಿಲ್ಲ ಅಂತಲೇ ತೀರ್ಮಾನಿಸಿ ಮರುದಿನ ಬೆಳಿಗ್ಗೆ ಉಳಿದದ್ದನ್ನು ಕೊಯ್ಯಲು ಹೋದೆ. ಮಧ್ಯಾಹ್ನದ ಹೊತ್ತಿಗೆ ಫಿಲ್ಮು ಮುಗಿಯಿತು. ಕೊಳವೆಗೆ ಅಂಟಿಕೊಂಡಿದ್ದ ಕಟ್ಟಕಡೆಯ ಸುತ್ತಿನ ಕೆಳಗೆ, ಅಂದರೆ ನೀವು ಆ ದಿನ ಎಲ್ಲಕ್ಕಿಂತ ಮೊದಲು ಇಟ್ಟ ಚೀಟಿಯಲ್ಲಿ, ಹೀಗಿತ್ತು: ‘ಈ ಕೊಳವೆಯೊಳಗೆ ಯಾರೋ ಕಾಗದ ತುರುಕಿದ್ದಾರೆ. ಸಣ್ಣ ಅಕ್ಷರ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಟೀ ಹೊತ್ತಿನಲ್ಲಿ ಯಾರ ಕೈಲಾದರೂ ಓದಿಸಬೇಕು.’

ಅದನ್ನು ಎಷ್ಟು ಸಲ ಓದಿದೆನೋ. ಅಂದರೆ ಆ ಕಾಗದವನ್ನು ನಾನು ಬರೆದಿದ್ದೇನೆ. ಇನ್ನೂ ಬರೆಯದಿರುವವನಿಗೆ ಇದು ಗೊತ್ತಾಗಬಾರದಿತ್ತು. ಬರೆದದ್ದೂ ದಂಡವಾಯಿತು, ಯಾಕೆಂದರೆ ನೀವು ಟೀ ಹೊತ್ತಿನವರೆಗೆ ಇರಲಿಲ್ಲ. ಪಡುವಣ ಕೇರಿಯವರು ಇನ್ನು ತಣ್ಣಗೆ ಕೂರುವುದು ನೀವು ಕನ್ನಡಕ ಮರೆತದ್ದರ ಕೆಳಗೆ. ಅಂದಿನಿಂದ ಎಣ್ಣೆ ಹಾಕಲು ಯಂತ್ರ ತಿರುಗಿಸಿದಾಗಲೆಲ್ಲ ಯಾರೋ ಪಕ್ಕದಲ್ಲಿ ಮಂಡಿಯೂರಿದ ಸದ್ದು ಕೇಳುತ್ತದೆ. ನನಗೊಬ್ಬನಿಗೇ ಅಂದುಕೊಂಡಿದ್ದೆ. ಪೆಡಲು ತುಳಿಯುವ ನಾಲ್ಕೂ ಜನ ಈಗ ಆ ಕಡೆಗೆ ಬೆನ್ನು ತಿರುಗಿಸಿ ಕೂರುತ್ತಾರೆ.

ಚೀಟಿಯನ್ನು ಬಸಮಣಿಗೆ ತೋರಿಸಿದೆ. ಅವಳು ಅದನ್ನು ಓದಿ, ಮಡಚಿ, ಬಿಚ್ಚಿ, ಮತ್ತೆ ಓದಿದಳು. “ಬರೆದಾಗಿದೆ ಅಂತಾಯ್ತಲ್ಲ. ಬರಿ ಹಂಗಾದ್ರೆ. ದೊಡ್ಡದಾಗಿ ಬರಿ, ಪಾಪ, ಆ ಮನುಷ್ಯನಿಗೆ ಕಣ್ಣು ಕಾಣಲ್ವಂತೆ,” ಅಂದಳು. ಮುದ್ದುರಂಗಿಯ ಭುಜಕ್ಕೆ ತನ್ನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಲು ಕೂತಳು.

ಅದಕ್ಕೇ ಮೇಲಿನ ಸಾಲು ಅಷ್ಟು ದಪ್ಪ. ಕನ್ನಡಕವಿಲ್ಲದೆಯೂ ಕಾಣಬೇಕು, ಪ್ರಾಸವಿರುವುದರಿಂದ ಬೇಡವೆಂದರೂ ಬಾಯಲ್ಲಿ ಉಳಿಯಬೇಕು. ಮೊದಲು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ಆಮೇಲೆ ಮಂಡಿಯೂರಿ; ಸುಕ್ಕು ಬಿದ್ದರೆ ಬೀಳಲಿ, ಬೈದರೆ ಬೈಸಿಕೊಳ್ಳಿ. ನಾವು ಇಲ್ಲಿ ಏನಾದರೂ ಮಾಡಿಕೊಳ್ಳುತ್ತೇವೆ. ಇದು ಧೈರ್ಯದ ಮಾತೇನೂ ಅಲ್ಲ. ಕೊಯ್ದ ಕೂಸುಸುರುಳಿಗಳು ನನ್ನ ಎದುರಿಗೇ ಸಾಲಾಗಿ ಕೂತಿವೆ. ಈ ಕಾಗದವನ್ನು ಅದೇ ಕೊಳವೆಗೆ ಹಾಕಿ ಹಿಂದಕ್ಕೆ ತಿರುಗಿಸುವಾಗ ನಾನು ಅವನ್ನೇ ನೋಡುತ್ತಿರುತ್ತೇನೆ. ಅವು ಇದ್ದಲ್ಲೇ ಇದ್ದರೆ ನೀವು ಈ ಸಲವೂ ಓದಲಿಲ್ಲ ಅಂತ ತಿಳಿಯುತ್ತೇನೆ.

ಇನ್ನೊಂದು ವಿಷಯ. ಕಾಗದ ಮಡಚುತ್ತಿದ್ದಾಗ ಬಸಮಣಿ ಹೊಲಿಗೆ ಬಿಟ್ಟು ಎದ್ದು ಬಂದು, ಆ ಬಲತೋಳಿನ ತುಂಡಿನಿಂದ ಗುಂಡಿಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಳು. “ಕಣ್ಣು ಕಾಣದಿದ್ರೂ ಬೆರಳಿರುತ್ತಲ್ಲ. ಇದನ್ನೂ ಹಾಕು.” ನಿಮ್ಮ ಚೀಟಿಯಲ್ಲಿ ಕಾಗದದ ಮಾತಿದೆ, ಗುಂಡಿಯ ಮಾತಿಲ್ಲ. ಅಂದರೆ ಹೋದ ಸಲ ನಾವು ಇದನ್ನು ಕಳಿಸಿರಲಿಲ್ಲ.

ಆದ್ದರಿಂದ ಕೋರಿಕೆ ಇಷ್ಟೇ, ಗಂಗಹನುಮಯ್ಯನವರೇ. ಕಾಗದ ಓದಲಾಗದಿದ್ದರೆ ಬೇಡ. ಮಡಿಕೆಯೊಳಗೆ ಬೆರಳಾಡಿಸಿ, ಒಂದು ಗುಂಡಿ ಸಿಗುತ್ತದೆ. ಅದನ್ನು ಹಿಡಿದುಕೊಂಡು ನಿಮ್ಮ ಅಂಗಿಯ ಬಲತೋಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅದೇ ಗುಂಡಿ ಅಲ್ಲಿ ಇನ್ನೂ ಇರುತ್ತದೆ.