ಕೋಟಿನ ಗುಂಡಿ ಅಂಟಿಸಿದ ಟೇಪ್ ರೆಕಾರ್ಡರ್

ಜೂನ್ 3, ಸೋಮವಾರ. ಮಧ್ಯಾಹ್ನ.

ಬ್ಯಾಗಿ ಪ್ಯಾಂಟನ್ನು ಈ ಭೂಮಿಗೆ ತಂದವನು ನಾನು. ನಾನು ಹೊಲಿದೆ, ಆಮೇಲೆ ಉಳಿದ ದೇಶದವರು ನೋಡಿ ಹೊಲಿದರು. ಅಳತೆ ತಪ್ಪಿ ಹಾಗಾಯಿತು ಅಂತ ಹೆಂಡತಿ ಹೇಳುತ್ತಾಳೆ. ಅವಳಿಗೇನು ಗೊತ್ತು.

ಇವತ್ತು ಮೂರು ಪ್ಯಾಂಟ್ ಗಿಡ್ಡ ಮಾಡುವುದು, ಒಂದು ಜಿಪ್. ಮಿಷನ್ನಿನ ಬೆಲ್ಟು ಮತ್ತೆ ಸಡಿಲ. ಎರಡನೇ ಪ್ಯಾಂಟಿನ ಹೊತ್ತಿಗೆ ತಂಗಿಯ ಮಗಳು ಅಂಗಡಿಗೆ ಬಂದಳು. ಲೈಬ್ರರಿಯಲ್ಲಿ ಕೆಲಸ ಅವಳಿಗೆ. ಅಲ್ಲಿ ಒಂದು ಕೋಣೆಯನ್ನು ಕ್ಯಾಸೆಟ್ಟಿನ ಕಾಲದ ಮನೆಯ ಹಾಗೆ ಜೋಡಿಸುತ್ತಾರಂತೆ. ಹದಿನೈದಕ್ಕೆ ಬಾಗಿಲು ತೆರೆಯುವುದಂತೆ.

"ಸಾಮಾನೆಲ್ಲ ಕವರ್ ಮಾವನ ಮನೇದು, ಮಾವ. ನಿನ್ನೆ ತಂದ ಹಾಗಿದೆ ಒಂದೊಂದೂ!"

ಕವರ್ ಮಾವ ಅಂದರೆ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಟಿ.ವಿ.ಗೆ ಕವರ್, ಮಿಕ್ಸಿಗೆ ಕವರ್, ಫೋನಿಗೆ ಕವರ್. ಫೋನಿನ ಕವರ್ ಕೊಳೆಯಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್. ಆ ಕವರುಗಳನ್ನೆಲ್ಲ ಹೊಲಿದವನು ಯಾರು? ನಾನು! ಇದೇ ಮಿಷನ್ನಿನಲ್ಲಿ, ನಕ್ಕೂ ನಕ್ಕೂ, ಅರ್ಧ ರೇಟಿಗೆ. ಈಗ ಹೆಸರು ಅವನಿಗೆ.

"ನನ್ನ ಸಾಮಾನು ಬೇಡ್ವೇನೆ?"

"ನಿಮ್ಮದೇನು ಉಳಿದಿದೆ ಮಾವ? ಹೊಸ ಮಾಡೆಲ್ ಬಂದಾಗೆಲ್ಲ ಹಳೇದನ್ನ ಎಕ್ಸ್‌ಚೇಂಜಿಗೆ ಹಾಕಿದ್ರಲ್ಲ."

ಬಾಯಿ ನನ್ನದಾದರೂ ಮಾತು ನನ್ನನ್ನು ಕೇಳಲಿಲ್ಲ. "ಟೇಪ್ ರೆಕಾರ್ಡರ್ ಇದೆ. ಎರಡು ಕ್ಯಾಸೆಟ್ ಹಾಕೋದು."

"ಕೋಟಿನ ಗುಂಡಿ ಅಂಟಿಸಿದ್ದಾ? ಅದೇನಾ?"

"ಅದೇ."

ಅದು ಹೋಗಿ ಇಪ್ಪತ್ತೆಂಟು ವರ್ಷ.

ಜೂನ್ 4. ಸಂಜೆ.

ಷಡ್ಡಕನ ಮನೆಗೆ ಹೋಗಿದ್ದೆ. ಹೊಟ್ಟೆ ಉರಿಸಿಕೊಳ್ಳಲಿಕ್ಕೆ ಅಂತಲೇ ಹೋದೆ, ಬೇರೆ ಕೆಲಸವೇನೂ ಇರಲಿಲ್ಲ. ಕವರುಗಳನ್ನೆಲ್ಲ ಕಳಚಿ ಹಾಲಿನಲ್ಲಿ ಹರಡಿದ್ದಾನೆ. ಮರದ ಬಾಗಿಲಿನ ಟಿ.ವಿ. ಬೆರಳಿಟ್ಟು ತಿರುಗಿಸುವ ಫೋನು. ಕೀ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ — ರಟ್ಟಿನ ಡಬ್ಬಿ ಸಮೇತ. ಆಟದ ಸಾಮಾನಿನ ಡಬ್ಬಿಯನ್ನು ಯಾರಾದರೂ ಎತ್ತಿಡುತ್ತಾರೆಯೇ? ಕೀ ಕೊಟ್ಟೆ. ಕುಪ್ಪಳಿಸಿತು. ಕಪ್ಪೆಗೂ ಸೊಕ್ಕು.

ನಾನೇ ಹೊಲಿದ ಸಫಾರಿ ಸೂಟು ಹ್ಯಾಂಗರಿನಲ್ಲಿತ್ತು. ಈಗಲೂ ಅವನಿಗೆ ಸರಿಯಾಗುತ್ತದಂತೆ. ಆ ಕಾಲದ ನನ್ನ ಪ್ಯಾಂಟು ನನ್ನ ಒಂದು ತೊಡೆಗೆ ಸಾಲದು.

"ನಿನ್ನ ಟೇಪ್ ರೆಕಾರ್ಡರ್ ಇನ್ನೂ ಇದೆಯಂತೆ?" ಅಂದ.

"ಅದನ್ನೆಲ್ಲ ಬಿಸಾಡ್ತೀನಾ ಅಣ್ಣ?"

ನನ್ನನ್ನೇ ನೋಡುತ್ತಾ ನಿಂತ. ಅವನಿಗೂ ಹೊಟ್ಟೆ ಉರಿಯಿತು ಅಂದುಕೊಂಡು ಖುಷಿಯಾಗಿ ಬಂದೆ.

ಜೂನ್ 7, ಶುಕ್ರವಾರ.

ಹಳೇ ಸಾಮಾನಿನ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಅದೇ ಕಂಪನಿ, ಅದೇ ಬೆಳ್ಳಿ ಬಣ್ಣ, ಎರಡು ಬಾಗಿಲು. ಅಂಗಡಿಯವನ ಎದುರಿಗೇ "ಅಯ್ಯೋ!" ಅಂದುಬಿಟ್ಟೆ. ಆಮೇಲೆ ಚೌಕಾಸಿ ಎಲ್ಲಿಂದ ಬರಬೇಕು.

"ಎಷ್ಟು ಕೊಟ್ರಿ?" — ಹೆಂಡತಿ.

"ಇನ್ನೂರು."

"ಇನ್ನೂರಕ್ಕೆ ಅದರ ವೈರೂ ಬರಲ್ಲ." ಸುತ್ತಲೂ ತಿರುಗಿಸಿ ನೋಡಿದಳು. "ನಮ್ಮದರ ರಿವೈಂಡ್ ಬಟನ್ ಮುರಿದಿತ್ತು. ಇದರದು ಗಟ್ಟಿಯಾಗಿದೆ. ಸಿಕ್ಕಿಹಾಕ್ಕೋತೀರಿ, ನೋಡ್ತಿರಿ."

ಜೂನ್ 8.

ಇಕ್ಕಳದಲ್ಲಿ ಹಿಡಿದು ಬಟನ್ ಮುರಿದೆ. ಟಕ್ ಅಂತು. ಎದೆಯೂ. ನಾಲ್ಕು ತೂತಿನ ಕಂದು ಕೋಟಿನ ಗುಂಡಿ ಅಂಟಿಸಿದೆ. ಕತ್ತರಿಯ ತುದಿಯಲ್ಲಿ ಎರಡು ಗೀರು, ಸ್ಪೀಕರಿನ ಜಾಲರಿಗೆ ಚಾಕ್ ಪುಡಿ. ಹಳೆಯದಕ್ಕೆ ಬಣ್ಣ ಬಳಿದು ಹೊಸದು ಅನ್ನುವವರು ಬೇಕಾದಷ್ಟು ಮಂದಿ. ಚೆನ್ನಾಗಿದ್ದುದನ್ನು ಕಷ್ಟಪಟ್ಟು ಕೆಡಿಸಿದ ಕುಶಲಕರ್ಮಿ ನಾನೊಬ್ಬನೇ.

ಜೂನ್ 10, ಸೋಮವಾರ.

ಗೆದ್ದೆ!

ಲೈಬ್ರರಿಗೆ ಒಯ್ದೆ. ತಂಗಿಯ ಮಗಳು ಗುಂಡಿಯ ಮೇಲೆ ಬೆರಳಿಟ್ಟು "ಇದೇ ಮಾವ, ಇದೇ!" ಅಂತ ಕುಣಿದಳು. ಷಡ್ಡಕನ ಹೊಳೆಯುವ ಟಿ.ವಿ.ಯನ್ನು ಮೂಲೆಗೆ ತಳ್ಳಿಸಿ ನನ್ನದನ್ನು ನಡುವಿನ ಮೇಜಿಗೆ ಏರಿಸಿದಳು. "ಅವರದು ಶೋರೂಮಿನ ಥರ ಇದೆ. ಇದು ಮನೆ ಥರ ಇದೆ" ಅಂದಳು. ಈ ಮಾತನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕು.

ಅಷ್ಟರಲ್ಲಿ ಅವನು ಬಂದ. ಗುಂಡಿಯನ್ನು ಮೆಲ್ಲಗೆ ಸವರಿದ.

"ನನ್ನ ಕಾಮೆಂಟರಿ ಹಿಂದಕ್ಕೆ ಸುತ್ತಿ ಸುತ್ತಿನೇ ಮುರಿದದ್ದಲ್ವಾ ಇದು?"

ಹೌದು. ಒಂದು ರಜೆಯ ದಿನ. ನಮ್ಮ ಮನೆಯ ನೆಲದ ಮೇಲೆ ಮಕ್ಕಳು ಹಾವು-ಏಣಿ ಆಡುತ್ತಿದ್ದವು. ಮಾತೇ ಆಡದ ಈ ಮನುಷ್ಯ ಟೇಪ್ ರೆಕಾರ್ಡರಿಗೆ ಬಾಯಿಟ್ಟು ರೇಡಿಯೊದವರ ಹಾಗೆ ಶುರುಮಾಡಿದ: "ಕೆಂಪು ಕಾಯಿ ತೊಂಬತ್ತೇಳಕ್ಕೆ ಬಂದಿದೆ... ಮುಂದೆ ಹಾವು ಬಾಯಿ ತೆರೆದು ಕೂತಿದೆ... ಪಾಪ, ಬೆಳಿಗ್ಗೆಯಿಂದ ಅದು ಏನೂ ತಿಂದಿಲ್ಲ..." ಕೊನೆಗೆ ಅವನೇ ನಕ್ಕು ನಕ್ಕು ಕೆಮ್ಮಿದ. ಎರಡು ವರ್ಷ ಮಕ್ಕಳು ಅದನ್ನೇ ಹಾಕಿಸಿಕೊಂಡು ಕೇಳಿದವು.

"ಶನಿವಾರ ಮಗಳು ಬರ್ತಾಳೆ," ಅಂದ. "ಆಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಅಪ್ಪ ನಕ್ಕಿದ್ದು ನಾನು ನೋಡೇ ಇಲ್ಲ ಅಂತಾಳೆ ಕಣಪ್ಪ. ಯಾವಾಗ್ಲೂ ಮುಟ್ಟಬೇಡ, ಮುಟ್ಟಬೇಡ ಅಂದಿದ್ದಷ್ಟೇ ನೆನಪಂತೆ. ಆ ಕ್ಯಾಸೆಟ್ ಕೇಳಿಸ್ಬೇಕು ಅವಳಿಗೆ. ಇದೆ ತಾನೆ?"

"ಟ್ರಂಕಲ್ಲಿದೆ ಅಣ್ಣ."

"ನಿಮ್ಮನೆ ಅಂದ್ರೆ ಆಗ ನಂಗೆ ಹೊಟ್ಟೆಕಿಚ್ಚು. ಎಲ್ಲಾ ಮುರಿದಿರ್ತಿತ್ತು, ಮಕ್ಕಳೆಲ್ಲ ಅಲ್ಲೇ ಇರ್ತಿದ್ವು."

ಇಷ್ಟು ವರ್ಷ ಕಾದ ಮಾತು. ಕೇಳಿದಾಗ ರುಚಿಯೇ ಇರಲಿಲ್ಲ.

ಜೂನ್ 13. ಮಧ್ಯಾಹ್ನ.

ಎರಡು ದಿನ ಬರೆಯಲಿಲ್ಲ. ತಂಗಿಯ ಮಗಳಿಗೆ "ಉಜ್ಜಿ ಕೊಡ್ತೀನಿ" ಅಂತ ಹೇಳಿ ಟೇಪ್ ರೆಕಾರ್ಡರನ್ನು ವಾಪಸು ತಂದೆ. ಖಾಲಿ ಕ್ಯಾಸೆಟ್ ಹಾಕಿ, ಅಂಗಡಿ ಬಾಗಿಲು ಎಳೆದುಕೊಂಡು, ಅವನ ದನಿಯಲ್ಲಿ ಶುರುಮಾಡಿದೆ. ಎಂಥೆಂಥವರ ದನಿ ತೆಗೆದ ಗಂಟಲು ಇದು! ಐದು ಸಲ ಆಯಿತು. ಐದರಲ್ಲೂ ನಾನೇ. ಆರನೆಯ ಸಲ ಕೆಂಪು ಕಾಯಿ ನನ್ನದಾಗಿ, ಹಾವು ನನಗೆ ಹೆದರಿ ಓಡಿಹೋಯಿತು. ಹಾವು ಓಡಿದರೆ ನಗು ಎಲ್ಲಿ?

ನಕ್ಕೂ ನೋಡಿದೆ. ಹೆಂಡತಿ ಬಾಗಿಲು ತಳ್ಳಿದಳು. "ಯಾರಿಗ್ರೀ ಹೊಟ್ಟೆನೋವು?"

"ನಗ್ತಿದ್ದೆ."

"ಭಾವ ಫೋನ್ ಮಾಡಿದ್ರು. ಕ್ಯಾಸೆಟ್ ಸಿಕ್ತಾ ಅಂತ. ಇದು ಮೂರನೇ ಸಲ." ಟೇಪ್ ರೆಕಾರ್ಡರನ್ನು ನೋಡಿದಳು, ನನ್ನನ್ನು ನೋಡಿದಳು. "ಟ್ರಂಕಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ವಾ?"

ಜೂನ್ 15, ಶನಿವಾರ. ಬೆಳಿಗ್ಗೆ ಏಳೂವರೆ.

ಅಂಗಡಿಯಲ್ಲಿ ಕೂತಿದ್ದಾನೆ. ಸಫಾರಿ ಸೂಟು ಹಾಕಿಕೊಂಡು ಬಂದಿದ್ದಾನೆ, ಎದೆಯ ಗುಂಡಿ ಒಂದು ಸಡಿಲವಂತೆ. ಒಂಬತ್ತರ ಬಸ್ಸಿಗೆ ಮಗಳು. "ಗುಂಡಿ ಹಾಕ್ಕೊಡು. ಹಾಗೇ ಕ್ಯಾಸೆಟ್ಟೂ ಕೊಡು, ಜೇಬಲ್ಲಿಟ್ಕೊಂಡು ಹೋಗ್ತೀನಿ" ಅಂದ. ಜೇಬಿನ ಮುಚ್ಚಳ ಬಿಚ್ಚಿಟ್ಟುಕೊಂಡೇ ಕೂತಿದ್ದಾನೆ. ದಾರ ತರುತ್ತೇನೆ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬರೆದರೆ ಬಾಯಲ್ಲೂ ಬಂದೀತು.

ಮನೆ ನನ್ನದು. ಟೇಪ್ ರೆಕಾರ್ಡರ್ ನನ್ನದು. ಮಕ್ಕಳು ಕೇಳುತ್ತಿದ್ದುದು ಅವನನ್ನು. ನನ್ನ ಮಗನೂ.

ಎಕ್ಸ್‌ಚೇಂಜಿನ ದಿನ ಅಂಗಡಿಯ ಕೌಂಟರಿನಲ್ಲಿ ಟೇಪ್ ರೆಕಾರ್ಡರಿನ ಬಾಗಿಲು ತೆರೆದು ನೋಡಿದ್ದೆ. ಆ ಕ್ಯಾಸೆಟ್ ಒಳಗಿತ್ತು. ಅವನ ಹೆಸರನ್ನು ಮಕ್ಕಳು ಬಣ್ಣದ ಪೆನ್ನಿನಲ್ಲಿ ಬರೆದಿದ್ದವು. ನೋಡಿ ಮುಚ್ಚಿದೆ. ಮರೆತದ್ದಲ್ಲ.

ಮೊನ್ನೆ ಹಳೇ ಸಾಮಾನಿನವನಿಗೆ ಕೊಟ್ಟದ್ದು ಇನ್ನೂರಲ್ಲ, ನಾಲ್ಕು ಸಾವಿರದ ಎಂಟುನೂರು. ಅದು ಹೋಗಲಿ, ಪ್ಯಾಂಟು ಮಡಿಸಿ ದುಡಿದೇನು. ಆವತ್ತು ಹಳೆಯದಕ್ಕೆ ಸಾವಿರ ಹಿಡಿದರು ಅಂತ ಹೆಂಡತಿಯೆದುರು ಜಂಬ ಕೊಚ್ಚಿಕೊಂಡೆ. ಸಾವಿರವಲ್ಲ.

ಕರೆಯುತ್ತಿದ್ದಾನೆ. "ದಾರ ಸಿಕ್ತೇನಪ್ಪಾ?"

ನೂರೈವತ್ತು. ಕ್ಯಾಸೆಟ್ ಸಮೇತ ನೂರೈವ—