ಹೆಣ್ಣೊಪ್ಪಿಸುವಾಗ ಹಾಕಿದ ಹಾಡು

ಮಾರ್ಚ್ 3, ಮಂಗಳವಾರ. ಮುದ್ದೇಬಿಹಾಳ

ಇಂಗಳೇಶ್ವರದ ಮದುವೆ ವಿಡಿಯೋ ಎಡಿಟಿಂಗ್ ಇನ್ನೂ ಮುಗಿದಿಲ್ಲ. ಹೆಣ್ಣೊಪ್ಪಿಸುವ ಹೊತ್ತಿನಲ್ಲಿ ಮದುಮಗಳ ಕಣ್ಣಲ್ಲಿ ಹನಿ ನೀರಿಲ್ಲ — ಫೋನ್ ಚಾರ್ಜರ್ ಎಲ್ಲಿ ಎಂದು ಕೇಳುತ್ತಿದ್ದಾಳೆ. ದನಿ ಮ್ಯೂಟ್. ಸ್ಲೋ ಮೋಷನ್. ಮೇಲೆ ತವರಿನದೊಂದು ಸಿನಿಮಾ ಹಾಡು. ಈಗ ನೋಡಿದರೆ ಕರುಳು ಕಿತ್ತು ಬರುತ್ತದೆ. ಸ್ಟುಡಿಯೋ ಮಾಲೀಕ ಚಮನಸಾಬರೇ ಕಣ್ಣೊರೆಸಿಕೊಂಡರು. ಮೂವತ್ತು ವರ್ಷ ಇದೇ ಕಸುಬು ಮಾಡಿದ ಮನುಷ್ಯ. ಮುಖ ಏನಾದರೂ ಹೇಳಲಿ, ಕಥೆ ಹೇಳುವುದು ಹಾಡು.

ಮಾರ್ಚ್ 5, ಗುರುವಾರ

ಹೂವಿನ ಹಿಪ್ಪರಗಿಯಿಂದ ತಂಗಿ ರಾಜಶ್ರೀಯ ಫೋನು. ಅವ್ವ ತೀರಿಹೋಗಿ ಮೂರು ತಿಂಗಳಾಯಿತು, ಇನ್ನೂ ಅಳುತ್ತಾಳೆ.

"ಅಣ್ಣಾ, ನನ್ನ ಒಪ್ಪಿಸೋ ಮುಂದ ಅವ್ವ ಕೊರಳಿಗೆ ಬಿದ್ದು ಏನೋ ಅಂದಳು. ಅಳೂದ್ರಾಗ ನನಗ ಕೇಳಿಸಲಿಲ್ಲ. ವಿಡಿಯೋದಾಗಿನ ಹಾಡು ತಗದು ಅಕಿ ದನಿ ಅಷ್ಟ ಕಳಸು."

ನೋಡುತ್ತೇನೆ ಎಂದೆ. ಅವಳ ಮದುವೆ ವಿಡಿಯೋ ಮಾಡಿದವನೂ ನಾನೇ.

ಮಾರ್ಚ್ 6

ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ. ಅವ್ವ ಅಂದದ್ದು ನನಗೆ ಗೊತ್ತು. ಹೋದ ಮೇ ತಿಂಗಳು ಎಡಿಟ್ ಮಾಡುವಾಗಲೇ ಕೇಳಿದ್ದೆ.

"ರಾಜಿ, ನನ್ನೂ ಕರ್ಕೊಂಡ ಹೋಗ. ಈ ಮನ್ಯಾಗ ನನ್ನ ಕೂಡ ಮಾತಾಡೋರು ಯಾರೂ ಇಲ್ಲ."

ರಾಜಿ ಹೋದ ಮೇಲೆ ಮನೆಯಲ್ಲಿ ಉಳಿಯುವವನು ನಾನೊಬ್ಬನೇ. ನಾಚಿಕೆ, ಸಿಟ್ಟು, ಎರಡೂ ಬಂದವು. ತಾಯಿ ಮಗಳನ್ನು ಹರಸುವ ಹಾಡೊಂದನ್ನು ಎಳೆದು ಅದರ ಮೇಲೆ ಮುಚ್ಚಿದೆ. ಓಣಿಯವರೆಲ್ಲ ನೋಡಿ ಅತ್ತರು. ಅವ್ವನ ಹೆಸರು ಹಿಡಿದು, ರೇವವ್ವನಂಥ ತಾಯಿ ಸಿಗುವುದಿಲ್ಲ ಎಂದರು. ಅವ್ವನೂ ನೋಡಿದಳು. ನನ್ನ ಮುಖ ನೋಡಿ ಒಳಗೆ ಹೋದಳು.

ಆಮೇಲೂ ಏಳು ತಿಂಗಳು ಇದ್ದಳು. ಬರುತ್ತಿದ್ದೆ, ಉಣ್ಣುತ್ತಿದ್ದೆ, ಮೊಬೈಲ್ ಹಿಡಿದು ಮಲಗುತ್ತಿದ್ದೆ... ಪಾಪಿ ನಾನು.

ಮಾರ್ಚ್ 11, ಬುಧವಾರ

ರಾಜಿಗೆ ಸುಳ್ಳು ಹೇಳಿದೆ. ಕ್ಯಾಮೆರಾ ಕಾರ್ಡ್ ಅಳಿಸಿಹೋಗಿದೆ, ದನಿ ಸಿಗುವುದಿಲ್ಲ ಎಂದು. ಅವಳೇ ನನಗೆ ಸಮಾಧಾನ ಹೇಳಿದಳು.

"ಇರ್ಲಿ ಬಿಡಣ್ಣ. ಸುಖದಿಂದ ಇರು ಮಗಳ ಅಂತ ಆ ಹಾಡಿನ್ಯಾಗ ಐತೆಲ್ಲ, ಅವ್ವನೂ ಅದನ್ನ ಅಂದಿರಬೇಕು. ದಿನಾ ಹಚ್ಚಿಕೊಂಡು ಕೇಳ್ತೇನಿ."

ಹೌದು, ಅದನ್ನೇ ಅಂದಳು ಎಂದೆ. ಫೋನ್ ಇಟ್ಟು ಗೋಡೆಗೆ ಹಣೆ ಹಚ್ಚಿ ಅತ್ತೆ. ಅವಳಾದರೂ ಆ ಹಾಡನ್ನು ನಂಬಿ ಇರಲಿ.

ಮಾರ್ಚ್ 15, ರವಿವಾರ. ಸಂಜೆ 5

ಸ್ಟುಡಿಯೋ ರಜೆ. ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದು ರಾಜಿಯ ಮದುವೆ ವಿಡಿಯೋದ ಹಾಡು ಅಳಿಸಿದೆ. ಒಂಬತ್ತು ಸೆಕೆಂಡು ಅವ್ವನ ದನಿ. ಮುಗಿಯುತ್ತದೆ. ಮತ್ತೆ ಹಚ್ಚುತ್ತೇನೆ.

ಏನಾದರೂ ಮಾತಾಡಬೇಕು ಅನ್ನಿಸಿತು. ಅವ್ವಾ ಎಂದೆ. ಮುಂದೇನು ಎಂದು ತಿಳಿಯಲಿಲ್ಲ — ಅವಳ ಕೂಡ ಮಾತಾಡಿ ರೂಢಿಯೇ ಇಲ್ಲ. ಉಂಡೆಯಾ ಎಂದು ಸಹ ಎಂದೂ ಕೇಳಿದವನಲ್ಲ. ಇವತ್ತು ಕೇಳಿದೆ.

"ಅವ್ವಾ, ಉಂಡೇನ?"

ಕೇಳಿ, ಅವಳು ಏನನ್ನುತ್ತಾಳೋ ಎಂದು ಕಾದು, ಆ ಒಂಬತ್ತು ಸೆಕೆಂಡನ್ನೇ ಮತ್ತೆ ಹಚ್ಚಿದೆ.