ಸಾಬಲೊಗೆ ಬಗ್ಗುವವರು

ಆಗಸ್ಟ್ 11, ಬೆಳಿಗ್ಗೆ 4.40
ಟ್ಯಾಂಕ್ ತುಂಬಿಸಿದೆ. ಐಸ್, ನೀರು, ಅಮ್ಮ ಕಟ್ಟಿಕೊಟ್ಟ ಬುತ್ತಿ. ಗಾಳಿ ಪೂರ್ವದ್ದು, ಹಗುರ. ಉಪ್ಪುನೀರಲ್ಲಿ ಬೇರಿಳಿಸಿದ ಕಾಂಡ್ಲಾ ಗಿಡಗಳ ಕಡೆ ನೀರು ತಿಳಿಯಾಗಿರುತ್ತದೆ.
ಮೂರು ದಿನದ ಪರೀಕ್ಷೆ. ಗಿರಾಕಿಗಳು ಟೊಲೂಕಾದ ಮೇಷ್ಟ್ರು ಲೆಯಾಂದ್ರೊ, ಹೆಂಡತಿ ಒತೀಲಿಯಾ. ಟಾರ್ಪನ್ ಮೀನು — ನಮ್ಮ ಸಾಬಲೊ — ಇಬ್ಬರೂ ಹಿಡಿದವರಲ್ಲ. ಗೈಡ್‌ಗಳ ಸಂಘದ ನಿಯಮ: ಇಂಥ ಹೊಸಬರಿಂದ ಒಂದನ್ನಾದರೂ ಹಿಡಿಸಬೇಕು, ಅವರ ಗಾಳದ ಕೋಲನ್ನು ನಾನು ಮುಟ್ಟಬಾರದು. ಗೆದ್ದರೆ ಗೈಡ್ ಚೀಟಿ, ಅಪ್ಪ ಬಿಟ್ಟುಹೋದ ದೋಣಿ ನನ್ನ ಕೈಗೆ. ಸೋತರೆ ಇನ್ನೊಂದು ವರ್ಷ ಬೇರೆಯವರ ದೋಣಿಗೆ ಗಳ ಹಾಕುವುದು. ಸಾಕ್ಷಿ, ಸಂಘದ ಹಿರಿಯ ದೊನ್ ಎವೇಲಿಯೊ.
ಹಿಡಿಸುತ್ತೇನೆ.

ಸಂಜೆ
ಆರು ಕಚ್ಚಿದವು. ಆರೂ ಹೋದವು. ಎಲ್ಲ ಮೇಷ್ಟ್ರ ಗಾಳಕ್ಕೆ. ಬೆಟ್ಟದ ಹೊಳೆಯಲ್ಲಿ ಟ್ರೌಟ್ ಹಿಡಿದು ಪಳಗಿದ ಕೈ. ಕಚ್ಚಿದೊಡನೆ ಕೋಲು ಮೇಲೆತ್ತುತ್ತಾರೆ. ಸಾಬಲೊ ಬಾಯಿ ಕಲ್ಲು. ಕೋಲು ತಗ್ಗಿಸಿ ಹಿಡಿದು ಕೈಯಿಂದ ದಾರ ಎಳೆದರೆ ಮಾತ್ರ ಗಾಳ ನೆಡುತ್ತದೆ. ಹನ್ನೊಂದು ಸಲ ಹೇಳಿದೆನಂತೆ. ಎಣಿಸಿದ್ದು ದೊನ್ ಎವೇಲಿಯೊ.

ಆಗಸ್ಟ್ 12
ಮೇಷ್ಟ್ರು ಕೊನೆಗೂ ದಾರ ಎಳೆದರು. ನೆಟ್ಟಿತು. ಮೀನು ಹಾರಿತು. ಹಾರಿದಾಗ ಕೋಲು ಮುಂದೆ ಚಾಚಿ ಬಗ್ಗಬೇಕು, ದಾರ ಸಡಿಲಾಗಲು. ಬಗ್ಗಲಿಲ್ಲ. ದಾರ ತುಂಡು.
"ಮೀನಿಗೂ ನಮಸ್ಕಾರ ಹಾಕ್ಬೇಕಾ ನಾನು?" ಅಂದರು.
"ಕೊಡಿ ಇಲ್ಲಿ," ಅಂದರು ಒತೀಲಿಯಾ. "ಮೂವತ್ತು ವರ್ಷ ನಿಮಗೆ ಬಗ್ಗಿದೀನಿ, ಮೀನು ಯಾವ ಲೆಕ್ಕ?"
ದೊನ್ ಎವೇಲಿಯೊ ನಕ್ಕಿದ್ದು ಮೊದಲ ಸಲ ನೋಡಿದೆ.
ಎರಡು ದಿನ ಆಕೆಯನ್ನು ಐಸ್ ಪೆಟ್ಟಿಗೆ ಮೇಲೆ ಕೂರಿಸಿದ್ದೆ. ತಪ್ಪು ನನ್ನದೇ. ನಾಳೆ ಮುಂದೆ ನಿಲ್ಲುವುದು ಅವರು.

ಆಗಸ್ಟ್ 13, ಮಧ್ಯಾಹ್ನ
ಮರೆಯುವ ಮೊದಲೇ ಬರೆದುಬಿಡುತ್ತೇನೆ.
ಹತ್ತೂವರೆಗೆ ಬೇರುಗಳ ಸಂದಿಯಲ್ಲಿ ಬೆಳ್ಳಿ ಬೆನ್ನುಗಳು. ಒತೀಲಿಯಾ ಎಸೆದ ಗಾಳ ದೋಣಿಯ ಹತ್ತಿರವೇ ಬಿತ್ತು, ಆದರೂ ಒಂದು ತಿರುಗಿ ನುಂಗಿತು. ದಾರ ಎಳೆದರು, ಹೇಳಿದಂತೆಯೇ. ದೋಣಿ ನೂಕುವ ಗಳವನ್ನು ದೊನ್ ಎವೇಲಿಯೊಗೆ ಕೊಟ್ಟು ಮುಂದೆ ಬಂದೆ. ಮೊದಲ ಜಿಗಿತ — ಬಗ್ಗಿದರು. ಎರಡನೆಯದು — ಟೋಪಿ ಬೀಳುವಷ್ಟು ಬಗ್ಗಿದರು. ಮೂರನೆಯದಕ್ಕೆ ಕಾಲು ಜಾರಿತು. ಕೋಲು ನನ್ನ ಕೈಯಿಂದ ಒಂದೇ ಗೇಣು ದೂರ. ನಾನು ಹಿಡಿದದ್ದು ಅವರ ಸೊಂಟದ ಬೆಲ್ಟ್. ಅವರ ಅರ್ಧ ಮೈ ದೋಣಿಯಾಚೆ, ನೀರಿನ ಮೇಲೆ.
"ಬಿಡಬೇಡ ಮಗಳೇ."
"ನಾ ಬಿಡಲ್ಲ. ನೀವು ಕೋಲು ಬಿಡಬೇಡಿ."
ಇಪ್ಪತ್ತು ನಿಮಿಷ. ಮೀನಿನ ದವಡೆ ಹಿಡಿದೆ, ಗಾಳ ಬಿಡಿಸಿದೆ, ಹೋಗಲು ಬಿಟ್ಟೆ. ಮೇಷ್ಟ್ರು ಹೆಂಡತಿಗೆ ಟೋಪಿ ಎತ್ತಿ ಕೊಟ್ಟರು. ಸ್ವಲ್ಪ ಬಗ್ಗಿಯೇ.
ದಂಡೆ ಸೇರಿದೆವು. ಇದನ್ನು ಸಂಘದ ಸಭೆಯ ಮುಂದೆ ಇಡುತ್ತೇನೆ ಅಂದರು ದೊನ್ ಎವೇಲಿಯೊ.

ಆಗಸ್ಟ್ 16, ಸಭೆ ಮುಗಿದು
ಬೆಲ್ಟ್ ಹಿಡಿದೆ ಎಂದು ನಾನೇ ಮೊದಲು ಹೇಳಿದೆ. ಕೋಲು ಹಿಡಿದವರನ್ನು ಹಿಡಿದರೆ ಕೋಲು ಮುಟ್ಟಿದಂತೆಯೇ ಎಂದು ಮೂವರು ವಾದಿಸಿದರು. ಕೊನೆಗೆ ದೊನ್ ಎವೇಲಿಯೊ ಎದ್ದರು.
"ಆ ನಿಯಮ ಬರೆದೋನು ನಾನು. ಕೋಲು ಅಂತ ಬರೆದೆ. ಗಿರಾಕಿ ಮುಳುಗಲಿ ಅಂತ ಬರೀಲಿಲ್ಲ."
ನನ್ನ ಪರ ಕೈಗಳು ಮೇಲೆದ್ದವು. ಆ ಮೂವರದ್ದೂ, ಸ್ವಲ್ಪ ತಡವಾಗಿ.

ಆಗಸ್ಟ್ 18, ಬೆಳಿಗ್ಗೆ 4.35
ಚೀಟಿ ಜೇಬಿನಲ್ಲಿದೆ. ಅಪ್ಪನ ದೋಣಿಯ ಎಂಜಿನ್ ಒಂದೇ ಎಳೆತಕ್ಕೆ ಚಾಲೂ. ಗಿರಾಕಿಗಳು ಅಣ್ಣ ತಮ್ಮ. ಅಣ್ಣ ಆಗಲೇ ಟ್ರೌಟ್ ಕಥೆ ಶುರು ಮಾಡಿದ್ದಾನೆ. ದಂಡೆಯ ಮೇಲೇ ಬಗ್ಗುವುದನ್ನು ಕಲಿಸಬೇಕು. ಅದಕ್ಕೂ ಮೊದಲು, ಬೆಲ್ಟ್ ಹಾಕಿದ್ದಾನೋ ಇಲ್ಲವೋ —